ನಲವತ್ತಮೂರು ವರ್ಷದ ವಿಶ್ರಾಂತಿ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಲ್ಲಿ ನೆಲಸಿರುವ ನನ್ನಂಥ ನಿವೃತ್ತ ಉಪಾಧ್ಯಾಯನಿಗೆ ತಿಂಗಳ ಮೊದಲ ವಾರವೆಂದರೆ ಲೆಕ್ಕದ ವಾರ. ವಿಶ್ರಾಂತಿ ವೇತನ ಕೈಗೆ ಬಂದ ದಿನವೇ ಹಾಲಿನವನದಷ್ಟು, ದಿನಸಿ ಅಂಗಡಿಯದಷ್ಟು, ಔಷಧದ್ದಷ್ಟು ಎಂದು ಪಾಲಾಗಿಬಿಡುತ್ತದೆ. ಒಂದು ಪುಸ್ತಕ ಕೊಳ್ಳಬಹುದೆ ಎಂಬ ಪ್ರಶ್ನೆ ಮಾತ್ರ ಮುಂದಿನ ತಿಂಗಳಿಗೆ ಉಳಿಯುತ್ತದೆ. ಮೊನ್ನೆ ಇಂಥದೇ ಒಂದು ಸಂಜೆ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಆತ್ಮಕಥೆ ‘ಭಾವ’ವನ್ನು ಮತ್ತೊಮ್ಮೆ ತೆರೆದು ಕುಳಿತೆ. ಓದುತ್ತ ಓದುತ್ತ ಮನಸ್ಸು ಕಥೆಯನ್ನು ಬಿಟ್ಟು ವರ್ಷಗಳ ಲೆಕ್ಕಕ್ಕೇ ಹೋಯಿತು; ಅದು ವಾರದ ದೋಷವಿರಬೇಕು. ಮಾಸ್ತಿಯವರು ಸರ್ಕಾರದ ಸೇವೆಗೆ ಸೇರಿದ್ದು 1914ರಲ್ಲಿ, ಬಿಟ್ಟದ್ದು 1943ರಲ್ಲಿ, ತೀರಿಕೊಂಡದ್ದು 1986ರಲ್ಲಿ. ಸೇವೆ ಇಪ್ಪತ್ತೊಂಬತ್ತು ವರ್ಷ. ವಿಶ್ರಾಂತಿ ನಲವತ್ತಮೂರು ವರ್ಷ! ಕತೆಗಾರ ಮಾಸ್ತಿಯವರನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಿವೃತ್ತ ಮಾಸ್ತಿಯವರನ್ನು ಕುರಿತು ಒಬ್ಬ ನಿವೃತ್ತನು ನಾಲ್ಕು ಮಾತು ಬರೆದರೆ ವಾಚಕರು ಮನ್ನಿಸುವರೆಂದು ನಂಬಿದ್ದೇನೆ.

ಅವರು ನಮಗೆ ದೂರದವರೂ ಅಲ್ಲ. ನಮ್ಮ ತಾಲ್ಲೂಕಿನ ಎಲ್ಲೆಯನ್ನು ದಾಟಿದರೆ ಮಾಲೂರು ತಾಲ್ಲೂಕು. ಅಲ್ಲಿಯ ಹೊಂಗೇನಹಳ್ಳಿಯಲ್ಲಿ 1891ನೆಯ ಇಸವಿ ಜೂನ್ 6ರಂದು ಅವರು ಹುಟ್ಟಿದರು. ಎಳೆತನ ಕಳೆದದ್ದು ಮಾಸ್ತಿಯಲ್ಲಿ. ಆ ಊರೇ ಅವರ ಹೆಸರಾಯಿತು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ. ಬಾಲ್ಯದಲ್ಲಿ ಬಡತನವನ್ನು ಕಂಡವರು. ವಿದ್ಯೆಯೊಂದನ್ನೇ ನೆಚ್ಚಿ ಮೇಲಕ್ಕೆ ಬಂದವರು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಪರೀಕ್ಷೆಯನ್ನು ಚಿನ್ನದ ಪದಕದೊಡನೆ ಮುಗಿಸಿ, ಅದೇ 1914ರಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಆಯ್ಕೆಯಾದರು. ಆಮೇಲಿನ ವರ್ಷಗಳು ಊರಿಂದ ಊರಿಗೆ, ಜಿಲ್ಲೆಯಿಂದ ಜಿಲ್ಲೆಗೆ ಓಡಾಟದ ವರ್ಷಗಳು. ಹಗಲೆಲ್ಲ ಕಾಗದ ಪತ್ರ, ತನಿಖೆ, ತಕರಾರು; ಉಳಿದ ಹೊತ್ತಿನಲ್ಲಿ ಬರವಣಿಗೆ. ‘ಕೆಲವು ಸಣ್ಣ ಕತೆಗಳು’ ಅಚ್ಚಾದದ್ದು 1920ರಲ್ಲಿ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ವಯಸ್ಸು ಮೂವತ್ತೆಂಟು. ಶ್ರೀನಿವಾಸ ಎಂಬ ಕಾವ್ಯನಾಮ ಮನೆಮಾತಾಗಿತ್ತು. ಅಧಿಕಾರಿಗೆ ಅಧಿಕಾರದಲ್ಲಿಯೂ ಹೆಸರಿತ್ತು. 1942ರಲ್ಲಿ ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದು ಬಂದಿತು.

ಮರುವರ್ಷವೇ ಆ ರಾಜಸೇವೆಯನ್ನು ಅವರು ಬಿಟ್ಟರು. ಮಂತ್ರಿಪದವಿಗೆ ಸಮಾನವಾದ ಒಂದು ಸ್ಥಾನ ನ್ಯಾಯವಾಗಿ ತಮಗೆ ಬರಬೇಕಾದದ್ದೆಂದು ಅವರು ತಿಳಿದಿದ್ದರು. ಅದು ಸೇವೆಯಲ್ಲಿ ತಮಗಿಂತ ಕಿರಿಯರೊಬ್ಬರಿಗೆ ಹೋಯಿತು. ಮಾಸ್ತಿಯವರು ಜಗಳಕ್ಕೆ ನಿಲ್ಲಲಿಲ್ಲ. ರಾಜೀನಾಮೆ ಕೊಟ್ಟು ಹೊರಕ್ಕೆ ಬಂದರು. ಆಗ ಅವರಿಗೆ ಐವತ್ತೆರಡು. ಇದನ್ನು ಹೇಳುವವರೆಲ್ಲ ಸ್ವಾಭಿಮಾನವೆಂದು ಹೊಗಳಿ ಮುಂದಕ್ಕೆ ಹೋಗುತ್ತಾರೆ. ನನಗೆ ಹಾಗೆ ಮುಂದಕ್ಕೆ ಹೋಗುವುದು ಸಾಧ್ಯವಾಗುವುದಿಲ್ಲ. ಅದು 1943. ಮಹಾಯುದ್ಧದ ನಡುವಿನ ವರ್ಷ. ಬಂಗಾಳದಲ್ಲಿ ಜನ ಅನ್ನವಿಲ್ಲದೆ ಬೀದಿಯಲ್ಲಿ ಸಾಯುತ್ತಿದ್ದರು. ಎಲ್ಲೆಡೆಯೂ ಅಕ್ಕಿ, ಬಟ್ಟೆ, ಸೀಮೆಎಣ್ಣೆಗಳ ಬೆಲೆ ಕೈಗೆ ಸಿಕ್ಕದಂತೆ ಏರಿತ್ತು. ಆರು ಜನ ಹೆಣ್ಣುಮಕ್ಕಳ ತಂದೆ, ಇನ್ನೂ ಕೆಲವು ವರ್ಷ ದೊಡ್ಡ ಸಂಬಳ ಪಡೆಯಬಹುದಾಗಿದ್ದವರು, ಅಂಥ ವರ್ಷದಲ್ಲಿ ಸಂಬಳವನ್ನು ಬಿಟ್ಟು ವಿಶ್ರಾಂತಿ ವೇತನಕ್ಕೆ ಇಳಿದರು. ಮಾನದ ಬೆಲೆಯನ್ನು ಮಾನವಂತನೊಬ್ಬನೇ ತೆರುವುದಿಲ್ಲ, ಅವನ ಮನೆಯ ಒಲೆಯೂ ತೆರುತ್ತದೆ. ಆ ಮನೆಯ ಗೃಹಿಣಿ ಆ ತಿಂಗಳಿನಿಂದ ಲೆಕ್ಕವನ್ನು ಹೇಗೆ ಬರೆದಿರಬೇಕೆಂದು ಯಾವ ಜೀವನ ಚರಿತ್ರಕಾರರೂ ಕೇಳಲಿಲ್ಲವೇ ಎಂದು ನನಗೆ ಅನಿಸುವುದುಂಟು. ಆದರೂ ಅವರು ಮಾಡಿದ್ದು ತಪ್ಪೆನ್ನಲು ಬಾಯಿ ಬಾರದು. ಅವರು ಉಳಿದಿದ್ದರೆ ರಾಜ್ಯಕ್ಕೆ ಇನ್ನೊಬ್ಬ ಹಿರಿಯ ಅಧಿಕಾರಿ ಮೂರು ನಾಲ್ಕು ವರ್ಷ ದೊರೆಯುತ್ತಿದ್ದರು, ಅಷ್ಟೆ.

ಸೇವೆಯಿಂದ ಬಿಡುಗಡೆಯಾದವನು ಮಾಡಬಾರದ ಕೆಲಸ ಯಾವುದೆಂದು ಲೋಕವನ್ನು ಕೇಳಿದರೆ, ಪತ್ರಿಕೆ ನಡೆಸುವುದು ಎಂದು ಲೋಕ ಹೇಳೀತು. ಮಾಸ್ತಿಯವರು ಮೊದಲು ಕೈಹಾಕಿದ್ದು ಅದಕ್ಕೇ. ಧಾರವಾಡದಲ್ಲಿ 1940ರಲ್ಲಿ ಬೇಂದ್ರೆಯವರ ಬಳಗ ಆರಂಭಿಸಿದ್ದ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು 1944ರಲ್ಲಿ ಅವರು ವಹಿಸಿಕೊಂಡರು. ಯುದ್ಧದಿಂದಾಗಿ ಕಾಗದಕ್ಕೆ ಬರ ಬಂದಿದ್ದ ಕಾಲ; ಕನ್ನಡ ಮಾಸಪತ್ರಿಕೆಗೆ ಚಂದಾದಾರರ ಬರವಂತೂ ಯಾವ ಕಾಲಕ್ಕೂ ಇದ್ದದ್ದೇ. ಆ ಪತ್ರಿಕೆಯನ್ನು ಅವರು 1965ರವರೆಗೆ, ಎಂದರೆ ಇಪ್ಪತ್ತೊಂದು ವರ್ಷ, ನಡೆಸಿದರು. ಐವತ್ತಮೂರರಲ್ಲಿ ಹಿಡಿದ ಕರಡಚ್ಚನ್ನು ಎಪ್ಪತ್ತನಾಲ್ಕರಲ್ಲಿ ಕೆಳಗಿಟ್ಟರು. ತಿಂಗಳಿಗೊಮ್ಮೆ ಸಂಪಾದಕೀಯ ಬರೆಯುವುದು, ಕಿರಿಯರ ಹಸ್ತಪ್ರತಿ ಓದುವುದು, ಮುದ್ರಣಾಲಯದವರೊಡನೆ ವ್ಯವಹರಿಸುವುದು, ಚಂದಾ ಲೆಕ್ಕ ನೋಡುವುದು ಯಾವುದೂ ವಿಶ್ರಾಂತಿಯ ಕೆಲಸವಲ್ಲ. ಜೀವನ ಕಾರ್ಯಾಲಯವೆಂಬ ಹೆಸರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸುತ್ತಲೂ ಇದ್ದರು. ಹಳೆಯ ಪ್ರತಿಗಳು ನನ್ನ ಬಳಿ ಒಂದೆರಡಿವೆ. ಆಡಂಬರವಿಲ್ಲದ ಅಚ್ಚು, ತೆಳುವಾದ ರಟ್ಟು.

ಬೆಲೆಯೇರಿಕೆಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಾಸ್ತಿಯವರು ಕೆಲಸ ಬಿಟ್ಟ ವರ್ಷ ತೊಲ ಬಂಗಾರದ ಬೆಲೆ ಐವತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಅವರು ತೀರಿಕೊಂಡ ವರ್ಷ ಹತ್ತು ಗ್ರಾಮಿಗೆ ಎರಡು ಸಾವಿರವನ್ನು ದಾಟಿತ್ತು. ಸಂಬಳ ಪಡೆಯುವವನು ಬೆಲೆಯ ಹಿಂದೆ ಏದುತ್ತ ಓಡುತ್ತಾನೆ. ಹಿಂದಿನ ಕಾಲದ ವಿಶ್ರಾಂತಿ ವೇತನದವನು ನಿಂತಲ್ಲೇ ನಿಂತು ಬೆಲೆ ಮುಂದೆ ಹೋಗುವುದನ್ನು ನೋಡುತ್ತಿದ್ದನು. ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು. ಮೊದಲು ನಿವೃತ್ತನಾದವನಿಗೆ ಒಂದು ಅಳತೆ, ಆಮೇಲೆ ನಿವೃತ್ತನಾದವನಿಗೆ ಇನ್ನೊಂದು ಅಳತೆ ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ ನಕಾರಾ ಅವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟದ್ದು 1982ರ ಡಿಸೆಂಬರ್ 17ರಂದು. ಅದು ಕೇಂದ್ರ ಸರ್ಕಾರದ ನಿವೃತ್ತರ ಮೊಕದ್ದಮೆ. ದೇಶದ ನಿವೃತ್ತರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಮಾಸ್ತಿಯವರಿಗೆ ಆಗ ತೊಂಬತ್ತೊಂದು ವರ್ಷ.

ಅವರ ಮನೆ ಬೆಂಗಳೂರಿನ ಗವಿಪುರದಲ್ಲಿ, ಗಂಗಾಧರೇಶ್ವರನ ಗುಹಾಲಯವಿರುವ ಬಡಾವಣೆಯಲ್ಲಿತ್ತು. ಬೆಳಗಿನ ಹೊತ್ತು ಓದು, ಬರೆಹ. ಸಂಜೆಯಾದರೆ ಬಸವನಗುಡಿಯ ಕ್ಲಬ್ಬು. ಕೋಟು ತೊಟ್ಟು, ಹಣೆಯಲ್ಲಿ ನಾಮ, ಕೈಯಲ್ಲಿ ಕೊಡೆ, ನಡೆದೇ ಹೋಗುವರು. ಅಲ್ಲಿ ಗೆಳೆಯರೊಡನೆ ಇಸ್ಪೀಟಿಗೆ ಕೂರುವರು. ಈ ಇಸ್ಪೀಟಿನ ವಿಷಯವನ್ನು ಕೆಲವು ಭಕ್ತರು ಮುಜುಗರದಿಂದ ಮರೆಸುತ್ತಾರೆ. ಮರೆಸುವುದೇಕೆ? ಶ್ರೀರಾಮನ ಪಟ್ಟಾಭಿಷೇಕವನ್ನು ಕಾವ್ಯವಾಗಿ ಬರೆದವರು ಸಂಜೆ ನಾಲ್ಕು ಜನರ ನಡುವೆ ಎಲೆ ಹಂಚಿ ನಕ್ಕರೆ ಯಾವ ಧರ್ಮ ಕೆಟ್ಟಿತು? ದೊಡ್ಡ ಅಧಿಕಾರದಲ್ಲಿದ್ದವನಿಗೆ ನಿವೃತ್ತಿಯಲ್ಲಿ ಬರುವ ದೊಡ್ಡ ರೋಗವೆಂದರೆ, ತನ್ನನ್ನು ಇನ್ನೂ ಅಧಿಕಾರಿಯೆಂದು ತಿಳಿಯುವುದು. ಇಸ್ಪೀಟಿನ ಮೇಜಿನ ಮುಂದೆ ಕಮಿಷನರೂ ಇಲ್ಲ, ಗುಮಾಸ್ತೆಯೂ ಇಲ್ಲ. ಕೈಗೆ ಬಂದ ಎಲೆಯಷ್ಟೆ ಉಂಟು. ವಿದ್ಯಾರ್ಥಿಯಾಗಿದ್ದಾಗ ನಾನೊಮ್ಮೆ ಬಸವನಗುಡಿಯಲ್ಲಿ ಸಂಜೆ ನಡೆದುಹೋಗುತ್ತಿದ್ದ ಅವರನ್ನು ರಸ್ತೆಯ ಈಚೆ ಬದಿಯಿಂದ ಕಂಡಿದ್ದೇನೆ. ಹೋಗಿ ನಮಸ್ಕರಿಸುವ ಧೈರ್ಯ ಬರಲಿಲ್ಲ. ಅವರ ಹೆಜ್ಜೆಯಲ್ಲಿ ಆತುರವಿರಲಿಲ್ಲ, ಆಲಸ್ಯವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಒಂದು ಕಡೆ ಸೇರಬೇಕಾದವರ ನಡಿಗೆ ಅದು.

ಅವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳೂ ಈ ವಿಶ್ರಾಂತಿಯ ಬೆಳೆ. ಬಿದನೂರಿನ ಅವಸಾನವನ್ನು ಹೇಳುವ ‘ಚೆನ್ನಬಸವನಾಯಕ’ ಮೊದಲು ಬಂದಿತು. ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂದಿತು. ಎರಡನೆಯದನ್ನು ಓದುವಾಗಲೆಲ್ಲ ಇದನ್ನು ಬರೆದವರು ರಾಜೀನಾಮೆ ಕೊಟ್ಟು ಬಂದ ಅಧಿಕಾರಿಯೆಂಬುದನ್ನು ನಾನು ಮರೆಯಲಾರೆ. ಅರಸ ಕೆಟ್ಟವನಾದಾಗ ಮಂತ್ರಿಯಾದವನು ಏನು ಮಾಡಬೇಕು? ಲಕ್ಷ್ಮೀನಾರಾಯಣಯ್ಯನು ಅರಸನನ್ನು ಬಿಡಲಾರದೆ ನವೆಯುತ್ತಾನೆ; ಬೋಪಣ್ಣನು ನಾಡಿಗಾಗಿ ಅರಸನನ್ನು ಬಿಡುತ್ತಾನೆ, ನಾಡು ಇಂಗ್ಲಿಷರ ಕೈಸೇರುತ್ತದೆ. ಇಬ್ಬರಲ್ಲಿ ಯಾರು ಸರಿಯೆಂದು ಗ್ರಂಥಕರ್ತರು ಸುಲಭವಾಗಿ ತೀರ್ಮಾನ ಕೊಡುವುದಿಲ್ಲ. ಸೇವೆಯಲ್ಲಿ ಉಳಿಯುವುದರ ದುಃಖವನ್ನೂ ಬಿಡುವುದರ ದುಃಖವನ್ನೂ ಬಲ್ಲವರು ಮಾತ್ರ ಹಾಗೆ ಕೈ ತಡೆಯಬಲ್ಲರೆಂದು ನನ್ನ ಎಣಿಕೆ.

ಇನ್ನೊಂದು ವಿಚಿತ್ರ. ಆ ಅರಸನೂ ಕೊನೆಗೆ ಪಿಂಚಣಿದಾರನೇ. 1834ರಲ್ಲಿ ಪಟ್ಟ ಕಳೆದುಕೊಂಡ ಚಿಕವೀರರಾಜನನ್ನು ಕಂಪನಿಯವರು ಕಾಶಿಗೆ ಕಳುಹಿಸಿ ವರ್ಷಾಶನ ಗೊತ್ತುಮಾಡಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಆಕೆಗೆ ಅಲ್ಲಿ ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತ ದೀಕ್ಷೆಯಾಯಿತು. ಕಂಪನಿಯ ಬಳಿ ಉಳಿದಿದ್ದ ತನ್ನ ಹಣಕ್ಕಾಗಿ ಅವನು ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿಯೇ ಸತ್ತನು. ಷೇಕ್ಸ್‌ಪಿಯರನ ಲಿಯರ್ ದೊರೆಯನ್ನು ಕನ್ನಡಕ್ಕೆ ತಂದವರೂ ಮಾಸ್ತಿಯವರೇ. ರಾಜ್ಯವನ್ನು ಕೊಟ್ಟುಬಿಟ್ಟು ಪರಿವಾರದ ಸಂಖ್ಯೆಗಾಗಿ ಮಕ್ಕಳೊಡನೆ ಚೌಕಾಸಿ ಮಾಡುವ ಆ ಮುದುಕನಿಗಿಂತ ದುಃಖಿಯಾದ ನಿವೃತ್ತನನ್ನು ನಾನು ಯಾವ ಸಾಹಿತ್ಯದಲ್ಲಿಯೂ ಕಾಣೆ.

‘ಜೀವನ’ ನಿಂತಾಗ ಅವರು ನಿಲ್ಲಲಿಲ್ಲ. ಎಪ್ಪತ್ತೈದು ದಾಟಿದ ಮೇಲೆ ‘ಭಾವ’ದ ಮೂರು ಸಂಪುಟಗಳು ಬಂದವು. ಮುಪ್ಪಿನಲ್ಲಿ ಹಿಂದಿನದನ್ನು ನೆನೆಯುವವರು ಸಾಮಾನ್ಯವಾಗಿ ಈಗಿನದನ್ನು ಬಯ್ಯುವುದಕ್ಕಾಗಿ ನೆನೆಯುತ್ತಾರೆ. ನಾನೂ ಆ ಗುಂಪಿನವನೇ. ನಮ್ಮೂರ ಹೊಲಗಳ ಕಡೆ ಕೈಗಾರಿಕಾ ಪ್ರದೇಶವೆದ್ದು, ರಾತ್ರಿಯೆಲ್ಲ ಲಾರಿಗಳ ಸದ್ದಾಗುವಾಗ ರಾಗಿಯ ತೆನೆಯನ್ನು ನೆನೆದು ಗೊಣಗುತ್ತೇನೆ. ಮಾಸ್ತಿಯವರ ನೆನಪಿನಲ್ಲಿ ಈ ಗೊಣಗಾಟ ನನಗೆ ಕೇಳಿಸುವುದಿಲ್ಲ. ಅನ್ನವಿಟ್ಟವರು, ಅಕ್ಷರ ಕಲಿಸಿದವರು, ದಾರಿಯಲ್ಲಿ ಸಿಕ್ಕವರು ಎಲ್ಲರೂ ಅಲ್ಲಿ ಸಾಲ ಕೊಟ್ಟವರಂತೆ ನಿಂತಿದ್ದಾರೆ. ಬರೆಯುವವರು ಒಬ್ಬೊಬ್ಬರ ಲೆಕ್ಕವನ್ನೂ ತೀರಿಸುತ್ತ ಹೋಗುತ್ತಾರೆ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ 1968ರಲ್ಲಿ ಬಂದಿತು. 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು; ಅದೂ ಕೆಲಸ ಬಿಟ್ಟು ಹದಿಮೂರು ವರ್ಷಕ್ಕೆ ಬರೆದ ‘ಚಿಕವೀರ ರಾಜೇಂದ್ರ’ಕ್ಕೆ. 1943ರಲ್ಲಿ ಕೈತಪ್ಪಿದ ಪದವಿಯಲ್ಲಿ ಕುಳಿತವರು ಯಾರೆಂದು ಆ ಹೊತ್ತಿಗೆ ಕೇಳುವವರೇ ಇರಲಿಲ್ಲ. 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನವೇ, ಅವರು ಕಣ್ಣುಮುಚ್ಚಿದರು. ಬಂದ ತಾರೀಖಿಗೇ ಹೊರಟುಹೋದರು. ಲೆಕ್ಕದಲ್ಲಿ ಒಂದು ದಿನವೂ ಹೆಚ್ಚು ಕಡಮೆಯಿಲ್ಲ.

ಮಾಸ್ತಿಯಲ್ಲಿ ಅವರ ಮನೆ ಈಗ ಗ್ರಂಥಾಲಯವಾಗಿದೆ. ಹೊಸಕೋಟೆಗೆ ಹೋಗಿ ಮಾಲೂರಿನ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೋಗಬೇಕು. ಬರುವ ತಿಂಗಳು, ಔಷಧದ ಬಾಬು ಸ್ವಲ್ಪ ಇಳಿದರೆ, ಹೋಗಿ ಬರಬೇಕೆಂದಿದ್ದೇನೆ.