ಮಹಿಳಾ ಜೂಡೋದ ತಾಯಿ ರಸ್ಟಿ ಕಾನೊಕೋಗಿ

ಜೂಡೋ ಎಂಬ ಆಟದ ಹೆಸರನ್ನು ನೀವು ಕೇಳಿರಬಹುದು. ಇದು ಜಪಾನ್ ದೇಶದ್ದು. 1882ರಲ್ಲಿ ಜಿಗೊರೊ ಕಾನೊ ಎಂಬ ಗುರುಗಳು ಇದನ್ನು ಶುರು ಮಾಡಿದರು. ನಮ್ಮ ಕುಸ್ತಿ ಇದ್ದ ಹಾಗೆಯೇ, ಆದರೆ ಮಣ್ಣಿನ ಅಖಾಡ ಇರೋದಿಲ್ಲ, ಚಾಪೆ ಹಾಸಿರುತ್ತಾರೆ. ದಪ್ಪ ಬಟ್ಟೆಯ ಅಂಗಿ ಹಾಕಿಕೊಂಡು, ಎದುರಾಳಿಯ ಕಾಲರು, ತೋಳು ಹಿಡಿದು ಎಳೆದು, ಬೆನ್ನು ನೆಲಕ್ಕೆ ಬೀಳುವಂತೆ ಎತ್ತಿ ಒಗೆದರೆ ಗೆದ್ದ ಹಾಗೆ. ಕುಸ್ತಿಯಲ್ಲಿ ಚಿತ್ ಮಾಡೋದು ಅಂತಾರಲ್ಲ, ಅದೇ ಥರ. ಈ ಆಟದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಕೊಡಿಸಿದ ರಸ್ಟಿ ಕಾನೊಕೋಗಿ ಎಂಬುವರ ಬಗ್ಗೆ ನಾನು ಬರೆಯುತ್ತಿದ್ದೇನೆ.

ಇವರು 1935ರ ಜುಲೈ 30ರಂದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಮೊದಲ ಹೆಸರು ರೀನಾ ಗ್ಲಿಕ್‌ಮನ್. ಅವರ ಬೀದಿಯಲ್ಲಿ ರಸ್ಟಿ ಅಂತ ಒಂದು ನಾಯಿ ಇತ್ತಂತೆ, ಅದರ ಹೆಸರೇ ಇವರಿಗೂ ಅಂಟಿಕೊಂಡಿತು. (ನಮ್ಮೂರಲ್ಲಿ ಹಾಗೆ ಕರೆದರೆ ಜಗಳವೇ ಆಗುತ್ತೆ!) 1955ರಲ್ಲಿ ಪರಿಚಯದವರೊಬ್ಬರು ಜೂಡೋದ ಒಂದು ಪಟ್ಟು ತೋರಿಸಿದರು. ಅವತ್ತಿನಿಂದ ಇವರಿಗೆ ಅದೇ ಹುಚ್ಚು. ಕಲಿಯೋಕೆ ಹೋದರೆ ಅಲ್ಲಿ ಬರೀ ಗಂಡಸರು. ಆದರೂ ಬಿಡಲಿಲ್ಲ.

1959ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಜೂಡೋ ಪಂದ್ಯ ನಡೆಯಿತು. ರಸ್ಟಿಯವರು ಕೂದಲು ಗಿಡ್ಡ ಕತ್ತರಿಸಿಕೊಂಡು, ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ಗಂಡಸರ ತಂಡದ ಜೊತೆ ಹೋದರು. ತಂಡದ ಒಬ್ಬನಿಗೆ ಪೆಟ್ಟಾಗಿದ್ದರಿಂದ ಇವರೇ ಕಣಕ್ಕೆ ಇಳಿಯಬೇಕಾಯಿತು. ಸೋಲದೆ ಸಮ ಮಾಡಿಕೊಂಡು ಬಂದರೆ ಸಾಕು ಅಂತ ಹೇಳಿ ಕಳಿಸಿದ್ದರಂತೆ. ಇವರು ಗೆದ್ದೇ ಬಿಟ್ಟರು! ತಂಡವೂ ಗೆದ್ದಿತು, ಪದಕವೂ ಬಂತು. ಆಮೇಲೆ ಪಂದ್ಯ ನಡೆಸುವವರು ಇವರನ್ನು ಪಕ್ಕಕ್ಕೆ ಕರೆದು, ನೀನು ಹೆಂಗಸಾ ಅಂತ ಕೇಳಿದರು. ಇವರು ಹೌದೆಂದು ತಲೆ ಆಡಿಸಿದರು. ಪದಕವನ್ನು ವಾಪಸ್ ಕೊಡಬೇಕಾಯಿತು. ನಾನಾಗಿದ್ದರೆ ಅಲ್ಲ ಅಂದುಬಿಡುತ್ತಿದ್ದೆನೇನೋ. ಗೆದ್ದದ್ದಂತೂ ಸುಳ್ಳಲ್ಲವಲ್ಲ! ಇದನ್ನು ಓದುವಾಗ ನನಗೆ ತುಂಬಾ ಸಿಟ್ಟು ಬಂತು.

1962ರಲ್ಲಿ ಅವರು ಜಪಾನಿಗೇ ಹೋದರು. ಟೋಕಿಯೋದಲ್ಲಿ ಕೊಡೊಕಾನ್ ಎಂಬ ಶಾಲೆ ಇದೆ, ಕಾನೊ ಗುರುಗಳೇ ಕಟ್ಟಿದ್ದು. ಅಲ್ಲಿ ಹೆಂಗಸರಿಗೆ ಬೇರೆ ವಿಭಾಗ. ರಸ್ಟಿಯವರ ಬಲ ನೋಡಿ ಗಂಡಸರ ಜೊತೆ ಅಭ್ಯಾಸ ಮಾಡಲು ಬಿಟ್ಟರು. ಹಾಗೆ ಬಿಟ್ಟದ್ದು ಇವರನ್ನೇ ಮೊದಲು. ಜೂಡೋ ಪಟು ರ್‍ಯೊಹೆಯ್ ಕಾನೊಕೋಗಿಯವರನ್ನು 1964ರಲ್ಲಿ ಮದುವೆಯಾದರು.

ಅದೇ 1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಜೂಡೋ ಸೇರಿತು. ಆದರೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ವಿಶ್ವ ಚಾಂಪಿಯನ್‌ಷಿಪ್ಪೇ ಇರಲಿಲ್ಲ. ಅದನ್ನು ತಾನೇ ಮಾಡಿಸುತ್ತೇನೆ ಅಂತ ಹೊರಟ ರಸ್ಟಿಯವರು ದುಡ್ಡು ಸಾಲದೆ ತಮ್ಮ ಮನೆಯನ್ನೇ ಅಡ ಇಟ್ಟರು. ನಮ್ಮ ಕಡೆ ಮಗಳ ಮದುವೆಗೆ ಹೊಲ ಅಡ ಇಡೋದು ಕೇಳಿದ್ದೇನೆ, ಆಟಕ್ಕೋಸ್ಕರ ಮನೆ ಅಡ ಇಟ್ಟವರನ್ನು ಇವರನ್ನೇ ಕೇಳಿದ್ದು. 1980ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಜೂಡೋ ಪಂದ್ಯ ನಡೆದೇ ನಡೆಯಿತು. 27 ದೇಶದವರು ಬಂದಿದ್ದರು.

ಆಮೇಲೂ ಒಲಿಂಪಿಕ್ಸ್‌ನವರ ಬೆನ್ನು ಬಿಡಲಿಲ್ಲ, ಕೋರ್ಟಿಗೆ ಹೋಗುತ್ತೇನೆ ಅಂತಲೂ ಹೆದರಿಸಿದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಜೂಡೋವನ್ನು ಪ್ರದರ್ಶನಕ್ಕೆ ಇಟ್ಟರು, ಆಗ ಅಮೆರಿಕದ ಹುಡುಗಿಯರಿಗೆ ಇವರೇ ಕೋಚ್. 1992ರಲ್ಲಿ ಬಾರ್ಸಿಲೋನಾದಲ್ಲಿ ಪೂರ್ತಿ ಸೇರಿಸಿದರು. ಗಂಡಸರ ಜೂಡೋ ಸೇರಿ ಆಗಲೇ 28 ವರ್ಷ ಆಗಿತ್ತು. 2008ರಲ್ಲಿ ಜಪಾನ್ ಸರ್ಕಾರ ಇವರಿಗೆ ದೊಡ್ಡ ಗೌರವ ಕೊಟ್ಟಿತು.

2009ರ ಆಗಸ್ಟ್‌ನಲ್ಲಿ ವೈ.ಎಂ.ಸಿ.ಎ.ಯವರು 1959ರ ಆ ಪದಕವನ್ನು ರಸ್ಟಿಯವರಿಗೆ ಕೊಟ್ಟರು. ಸರಿಯಾಗಿ 50 ವರ್ಷದ ಮೇಲೆ! ಆಗ ಅವರಿಗೆ 74 ವರ್ಷ, ಕ್ಯಾನ್ಸರ್ ಬೇರೆ ಆಗಿತ್ತು. ಅದೇ ನವೆಂಬರ್ 21ರಂದು ತೀರಿಕೊಂಡರು. ಆ ಪದಕ ಅವರ ಹತ್ತಿರ ಇದ್ದದ್ದು ಮೂರೇ ತಿಂಗಳು.