ಅಪ್ಪನಿಗೇ ಬೇಡವಾಗಿದ್ದ ಎಡಗೈ

ಎಡಗೈಯಲ್ಲಿ ದುಡ್ಡು ಚಾಚಿದರೆ ಅಂಗಡಿಯವನು ಇವತ್ತಿಗೂ ಒಂದ್ಸಲ ಮುಖ ನೋಡುತ್ತಾನೆ. ಮಗು ಎಡಗೈಲಿ ಬಳಪ ಹಿಡಿದರೆ ಗೆಣ್ಣಿಗೆ ಏಟು ಬೀಳುತ್ತಿದ್ದ ಕಾಲವೂ ಇತ್ತು. ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರಿಗೆ ಬಿದ್ದದ್ದು ಇದೇ ಏಟು. ಶಾಲೆಯಲ್ಲಲ್ಲ, ಮನೆಯಲ್ಲಿ!

ಹುಟ್ಟಿದ್ದು 1908ರಲ್ಲಿ. ತಂದೆ ಪಳನಿ ಮುತ್ತಯ್ಯ ಪಿಳ್ಳೆ ಲಯವಾದ್ಯದಲ್ಲಿ ಹೆಸರಾದ ವಿದ್ವಾಂಸರು. ಗುರುಪರಂಪರೆ ಪುದುಕ್ಕೋಟೆಯ ಮಾನ್‌ಪೂಂಡಿಯಾ ಪಿಳ್ಳೆಯವರದು. ಭಜನೆಯಲ್ಲಿ ಬಡಿಯುವ ಗಿಲಕಿ ಹಲಗೆಯಂಥ ಖಂಜಿರಕ್ಕೆ ಉಡದ ಚರ್ಮ ಬಿಗಿದು, ಅದನ್ನು ದೊಡ್ಡ ಕಚೇರಿಗೆ ತಂದ ಪುಣ್ಯಾತ್ಮ ಈ ಮಾನ್‌ಪೂಂಡಿಯಾ. ಇಂಥ ಮನೆಯ ಹುಡುಗ ಮೃದಂಗ ಮುಟ್ಟದೆ ಇರುತ್ತಾನೆಯೇ? ಮುಟ್ಟಿದ. ಆದರೆ ಬಲಗೈ ಬಾರಿಸಬೇಕಾದ ಮುಖವನ್ನು ಎಡಗೈಯಲ್ಲಿ ಬಾರಿಸಿದ. ಅಪ್ಪನಿಗೆ ಇದು ಹಿಡಿಸಲಿಲ್ಲ. ಎಡಚನಿಗೆ ಈ ವಿದ್ಯೆ ಒಗ್ಗದು ಅಂತ ಮೊದಮೊದಲು ಪಾಠ ಹೇಳಲು ಮನಸ್ಸೇ ಮಾಡಲಿಲ್ಲ.

ಅಪ್ಪನನ್ನು ಕಟುಕ ಅನ್ನುವ ಹಾಗಿಲ್ಲ. ಕಚೇರಿಯ ವೇದಿಕೆ ಹೇಗಿರುತ್ತದೆ ನೋಡಿ. ಹಾಡುವವರು ನಡುವೆ. ಅವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಹೀಗೆ ಕೂತರೆ ಮೃದಂಗದ ಕರಣೆ ಹಾಕಿದ ಬಲಮುಖ ಸಭಿಕರ ಕಡೆಗೆ ತಿರುಗಿರುತ್ತದೆ, ನಾದ ನೇರವಾಗಿ ಅವರ ಕಿವಿಗೆ ಹೋಗುತ್ತದೆ. ಎಡಗೈಯವರು ಅದೇ ಜಾಗದಲ್ಲಿ ಕೂತರೆ ಆ ಮುಖ ಹಿಂದಿನ ಪರದೆಯ ಕಡೆಗೆ! ಸಭಿಕರಿಗೆ ಕೇಳುವುದು ರವೆ ಮೆತ್ತಿದ ತೊಪ್ಪಿಯ ಗುಂ ಗುಂ ಮಾತ್ರ. ಹಾಗಾಗಿ ಎಡಗೈಯವರು ಹಾಡುವವರ ಎಡಕ್ಕೆ ಹೋಗಬೇಕು, ಪಿಟೀಲಿನವರು ಎದ್ದು ಬಲಕ್ಕೆ ಬರಬೇಕು. ಹೆಸರಾದ ಪಿಟೀಲು ವಿದ್ವಾಂಸರು ಒಬ್ಬ ಹುಡುಗನಿಗಾಗಿ ಜಾಗ ಬಿಟ್ಟು ಏಳುತ್ತಾರೆಯೇ? ಹಲವರು ಏಳಲಿಲ್ಲ. ಕೈ ಎಷ್ಟು ಚೆನ್ನಾಗಿದ್ದರೇನು, ಕಚೇರಿಯೇ ಸಿಗದಿದ್ದ ಮೇಲೆ ಹೊಟ್ಟೆಗೇನು? ಅಪ್ಪನ ಹೆದರಿಕೆ ಸುಳ್ಳಾಗಲಿಲ್ಲ.

ಹುಡುಗ ಕೈ ಬದಲಾಯಿಸಲಿಲ್ಲ. ಸಾಧಕ ಬಿಡಲಿಲ್ಲ.

ಸಾಧಕ ಅಂದರೆ ದಿನಕ್ಕೆ ಇಷ್ಟು ಗಂಟೆ ಬಡಿಯುವುದು ಅಂದುಕೊಂಡವರು ಬಹಳ ಮಂದಿ. ಪುದುಕ್ಕೋಟೆಯ ದಾರಿ ಹಾಗಲ್ಲ. ಅಲ್ಲಿ ಮೊದಲು ಬಾಯಿ, ಆಮೇಲೆ ಬೆರಳು. ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಸೊಲ್ಲು ಹೇಳಬೇಕು. ತ ಧಿ ತೊಂ ನಂ ಅನ್ನುವ ಮೊದಲ ಪಾಠವನ್ನೇ ನಿಧಾನಕ್ಕೆ, ಅದರ ಎರಡರಷ್ಟು, ನಾಲ್ಕರಷ್ಟು ವೇಗದಲ್ಲಿ ಹೇಳಿ, ತಾಳ ಕದಲದೆ ಇದ್ದರೆ ಆಗ ವಾದ್ಯ. ನಿಧಾನದಲ್ಲಿ ಕೂರದ್ದು ವೇಗದಲ್ಲಿ ಕೂರುವುದಿಲ್ಲ. ಓಡಿಸಿ ಮುಚ್ಚಿಬಿಡಬಹುದು, ಅಷ್ಟೇ.

ಆಮೇಲೆ ಲೆಕ್ಕ. ಈ ಪಂಥಕ್ಕೆ ಹೆಸರು ಬಂದದ್ದೇ ಲೆಕ್ಕದಿಂದ. ಆದಿತಾಳದ ಒಂದು ಆವರ್ತಕ್ಕೆ ಚತುರಶ್ರ ನಡೆಯಲ್ಲಿ 32 ಮಾತ್ರೆ. ಐದೈದು ಮಾತ್ರೆಯ ಸೊಲ್ಲುಕಟ್ಟನ್ನು ಆರು ಸಲ ಹಾಕಿದರೆ 30 ಆಯಿತು. ಉಳಿದ ಎರಡನ್ನು ಏನು ಮಾಡುತ್ತೀರಿ? ಶುರುವಿಗೇ ಇಡಬಹುದು, ಕೊನೆಗೆ ಇಡಬಹುದು, ಒಂದೊಂದಾಗಿ ಒಡೆದು ನಡುವೆ ಸೇರಿಸಬಹುದು. ಅಥವಾ ಬಾರಿಸದೆ ಸುಮ್ಮನೆ ಬಿಡಬಹುದು. ಮೃದಂಗಗಾರನ ಬುದ್ಧಿ ತಿಳಿಯುವುದು ಈ ಎರಡು ಮಾತ್ರೆಯಲ್ಲಿ. ಮಿಕ್ಕ 30 ಗುರು ಹೇಳಿಕೊಟ್ಟದ್ದು ತಾನೇ? ಪಿಳ್ಳೆಯವರ ಲೆಕ್ಕ ಎಷ್ಟೇ ತೊಡಕಾಗಿದ್ದರೂ ಕೇಳುವವರಿಗೆ ಲೆಕ್ಕ ಅನ್ನಿಸುತ್ತಿರಲಿಲ್ಲ, ಹಾಡಿನ ಮುಂದುವರಿಕೆ ಅನ್ನಿಸುತ್ತಿತ್ತು ಎಂಬುದು ಅವರ ಕೀರ್ತಿ. ತೊಪ್ಪಿಯ ಮೇಲೆ ಅಂಗೈ ಒತ್ತಿ ಎಳೆಯುವ ಗುಮ್ಕಿಯಂತೂ ಅವರ ಕೈಯಲ್ಲಿ ಮಾತಾಡುತ್ತಿತ್ತು. ಅವರ ಮಟ್ಟಿಗೆ ತೊಪ್ಪಿ ಇದ್ದದ್ದು ಬಲಗೈಗೆ. ಎಡಚ ಎಡಚ ಎಂದವರು ಇದನ್ನು ಗಮನಿಸಲೇ ಇಲ್ಲವೇನೋ.

ಕೊನೆಗೆ ಕೈ ಹಿಡಿದವರು ಹಾಡುಗಾರ ಚೆಂಬೈ ವೈದ್ಯನಾಥ ಭಾಗವತರು. ಎಡಗೈ ಎಂಬ ತಕರಾರು ಅವರ ಹತ್ತಿರ ನಡೆಯಲಿಲ್ಲ. ತಮ್ಮ ಕಚೇರಿಗೆ ಕರೆದು ಕೂರಿಸಿಕೊಂಡರು. ನಮ್ಮದೇ ಜಿಲ್ಲೆಯ ತಿರುಮಕೂಡಲಿನ ಪಿಟೀಲು ಚೌಡಯ್ಯನವರಿಗೆ ಒತ್ತಾಸೆಯಾಗಿ ನಿಂತು, ಅವರನ್ನು ಪಕ್ಕದಲ್ಲಿಟ್ಟುಕೊಂಡು ಊರೂರಲ್ಲಿ ಹಾಡಿದವರೂ ಇದೇ ಚೆಂಬೈ. ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳದು ಅಂತ ಚೌಡಯ್ಯ ಏಳು ತಂತಿ ಕಟ್ಟಿದರು. ಮೈಕು ಇಲ್ಲದ ಆ ಕಾಲದಲ್ಲಿ ಯಾರ ನಾದ ಯಾವ ಕಡೆ ಹೋಗುತ್ತದೆ ಎಂಬುದು ಹೊಟ್ಟೆಪಾಡಿನ ಪ್ರಶ್ನೆ.

1936ರಲ್ಲಿ ಪುದುಕ್ಕೋಟೆ ದಕ್ಷಿಣಾಮೂರ್ತಿ ಪಿಳ್ಳೆ ತೀರಿಕೊಂಡರು. ಪಾಲ್ಘಾಟ್ ಮಣಿ ಅಯ್ಯರ್ ಮೃದಂಗಕ್ಕೆ ಖಂಜಿರ ಕೂಡಿಸುತ್ತಿದ್ದ ಹಿರಿಯರು ಅವರು. ಆ ಜಾಗ ತುಂಬುವವರು ಯಾರು? ಸುಬ್ರಹ್ಮಣ್ಯ ಪಿಳ್ಳೆ ಖಂಜಿರ ಹಿಡಿದು ಮಣಿ ಅಯ್ಯರ್ ಜತೆ ಕೂತರು. ಮಣಿ ಅಯ್ಯರ್ ವಯಸ್ಸಿನಲ್ಲಿ ನಾಲ್ಕು ವರ್ಷ ಚಿಕ್ಕವರು, ಪ್ರತಿಸ್ಪರ್ಧಿ ಬೇರೆ. ಮೃದಂಗ ವಿದ್ವಾಂಸರಾದವರು ಪ್ರತಿಸ್ಪರ್ಧಿಯ ಪಕ್ಕ ಉಪವಾದ್ಯ ಹಿಡಿದು ಕೂರುವುದು ಸಣ್ಣ ಮಾತಲ್ಲ. ಇವರಿಬ್ಬರ ತನಿ ಆವರ್ತನಕ್ಕೇ ಕಾದು ಕೂರುವ ಜನ ಇದ್ದರು. ತನಿ ಶುರುವಾದೊಡನೆ ಕಾಫಿಗೆ ಏಳುವವರು ಈಗ ಎಲ್ಲ ಸಭೆಗಳಲ್ಲೂ ಇದ್ದಾರೆ, ಅವರ ಸುದ್ದಿ ಬೇಡ.

ಮಣಿ ಅಯ್ಯರ್, ಪಳನಿ, ರಾಮನಾಥಪುರದ ಮುರುಗಭೂಪತಿ, ಈ ಮೂವರನ್ನು ಮೃದಂಗದ ತ್ರಿಮೂರ್ತಿಗಳು ಎಂದರು. ಎಡಗೈಗಾಗಿ ಪಿಟೀಲು ಜಾಗ ಬದಲಿಸುವುದು ಆಮೇಲಾಮೇಲೆ ವಾಡಿಕೆಯೇ ಆಯಿತು. ಆದರೆ ಆಯುಷ್ಯ ಸಾಲದೆ ಹೋಯಿತು. 1962ರಲ್ಲಿ, ಐವತ್ನಾಲ್ಕರ ಆಸುಪಾಸಿನಲ್ಲಿ ಪಿಳ್ಳೆ ತೀರಿಕೊಂಡರು. ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದನ್ನು ಮೊದಲ ಬಾರಿಗೆ ಒಬ್ಬ ಮೃದಂಗಗಾರರಿಗೆ, ಅಂದರೆ ಮಣಿ ಅಯ್ಯರ್‌ಗೆ, ಕೊಟ್ಟದ್ದು 1966ರಲ್ಲಿ. ಅಷ್ಟು ವರ್ಷ ತಾಳವಾದ್ಯಕ್ಕೆ ಆ ಯೋಗ್ಯತೆ ಇಲ್ಲ ಎಂದುಕೊಂಡಿದ್ದರೋ ಏನೋ!

ಪಿಳ್ಳೆಯವರ ಕೈಕೆಳಗೆ ತಿರುಚಿಯ ಒಬ್ಬ ಹುಡುಗ ಕಲಿಯುತ್ತಿದ್ದ. ಶಂಕರನ್ ಅಂತ ಹೆಸರು, 1942ರಲ್ಲಿ ಹುಟ್ಟಿದವರು. ಇವರದು ಬಲಗೈ. ಗುರು ಎಡಚರಾದರೆ ಪಾಠ ಕಷ್ಟ ಅನ್ನಿಸಬಹುದು. ಆದರೆ ಎದುರುಬದುರು ಕೂತಾಗ ಗುರುವಿನ ಎಡಗೈಗೆ ನೇರ ಎದುರು ಶಿಷ್ಯನ ಬಲಗೈ. ಕನ್ನಡಿ ನೋಡಿ ಬಾರಿಸಿದ ಹಾಗೆ. ಶಂಕರನ್ 1971ರಲ್ಲಿ ಕೆನಡಾದ ಟೊರಾಂಟೊಗೆ ಹೋಗಿ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೃದಂಗದ ಪ್ರೊಫೆಸರ್ ಆದರು. ಪುದುಕ್ಕೋಟೆಯ ಲೆಕ್ಕವನ್ನು ಅಲ್ಲಿನ ಹುಡುಗರ ಬಾಯಲ್ಲಿ ಹೇಳಿಸಿ, ಆಮೇಲೆ ಬೆರಳಿಗೆ ಇಳಿಸಿದರು. 2011ರಲ್ಲಿ ಅವರಿಗೂ ಕಲಾನಿಧಿ ಬಿರುದು ಬಂತು.