ಯುಲಿಸಿಸ್ ಗ್ರಾಂಟ್: ಸೈನಿಕ ವಿದ್ಯಾರ್ಥಿ ಜೀವನ

ಅಮೆರಿಕದ ಅಂತರ್ಯುದ್ಧದ ಪ್ರಸಿದ್ಧ ಸೇನಾನಿ ಯುಲಿಸಿಸ್ ಗ್ರಾಂಟ್ (1822–1885) ತಂದೆಯ ಒತ್ತಾಯಕ್ಕೆ ಮಣಿದು 1839ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯನ್ನು ಸೇರಿದರು. ಹುಟ್ಟುಹೆಸರು ಹೈರಮ್ ಯುಲಿಸಿಸ್. ಶಿಫಾರಸು ಮಾಡಿದ ಸಂಸದ ಥಾಮಸ್ ಹೇಮರ್ ಅದನ್ನು ತಪ್ಪಾಗಿ ಯುಲಿಸಿಸ್ ಎಸ್. ಎಂದು ಬರೆದರು, ಆ ತಪ್ಪೇ ಕೊನೆಯವರೆಗೂ ಹೆಸರಾಗಿ ಉಳಿಯಿತು. ಸೈನಿಕ ವೃತ್ತಿಯಲ್ಲಿ ಅವರಿಗೆ ಒಲವಿರಲಿಲ್ಲ. ಅಕಾಡೆಮಿಯನ್ನೇ ರದ್ದುಗೊಳಿಸುವ ಮಸೂದೆ ಚರ್ಚೆಗೆ ಬಂದಾಗ, ಅದು ಅಂಗೀಕಾರವಾದರೆ ಮನೆಗೆ ಮರಳಬಹುದೆಂದು ಪತ್ರಿಕೆಗಳನ್ನು ಕುತೂಹಲದಿಂದ ಓದುತ್ತಿದ್ದರು. ಗಣಿತ ಸುಲಭವಾಗಿತ್ತು, ಫ್ರೆಂಚ್ ಕಷ್ಟವಾಗಿತ್ತು. ಹೆಚ್ಚಿನ ಸಮಯ ಗ್ರಂಥಾಲಯದ ಕಾದಂಬರಿಗಳ ಪಾಲಾಗುತ್ತಿತ್ತು. ಕುದುರೆ ಸವಾರಿಯಲ್ಲಿ ಮಾತ್ರ ಅವರಿಗೆ ಸಾಟಿಯಿರಲಿಲ್ಲ. ಯಾರ್ಕ್ ಎಂಬ ಕುದುರೆಯ ಮೇಲೆ ಅವರು ಸ್ಥಾಪಿಸಿದ ಎತ್ತರ ಜಿಗಿತದ ದಾಖಲೆ ಹಲವು ವರ್ಷ ಮುರಿಯಲಿಲ್ಲ. 1843ರಲ್ಲಿ 39 ಮಂದಿಯಲ್ಲಿ 21ನೆಯವರಾಗಿ ತೇರ್ಗಡೆಯಾದರು. ಅಶ್ವದಳವನ್ನು ಬಯಸಿದ್ದ ಇಂತಹ ಸವಾರನನ್ನು, ವಿಚಿತ್ರವೆಂಬಂತೆ, 4ನೆಯ ಕಾಲಾಳು ಪಡೆಗೆ ನಿಯೋಜಿಸಲಾಯಿತು.